ಸ್ಟ್ರೋಲರ್ ಮೊದಲ ತಡಮೆಯಲ್ಲೇ ನಿಂತಿತು: ಹೇಮಾವತಿ ದಡದಲ್ಲಿ ಮಕ್ಕಳ ಜೊತೆ ಒಂದು ನಡಿಗೆ

ಮೊದಲೇ ಹೇಳಿಬಿಡುತ್ತೇನೆ. 2.5 ಕಿಲೋಮೀಟರ್ ನಡೆಯುವುದಕ್ಕೆ ನಮಗೆ ಹೆಚ್ಚುಕಡಿಮೆ ನಾಲ್ಕು ಗಂಟೆ ಹಿಡಿಯಿತು. ಇದನ್ನು ಓದಿ ನಗು ಬಂತು ಅಂದರೆ ನಿಮ್ಮ ಮನೆಯಲ್ಲಿ ಮೂರೂವರೆ ವರ್ಷದ ಮಗು ಇಲ್ಲ.

ನಾವು ಹಾಸನದವರು. ನವೆಂಬರ್ ಕೊನೆಯ ಒಂದು ಶನಿವಾರ ಸಕಲೇಶಪುರ ದಾಟಿ, ಮೂಡಿಗೆರೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿ, ಹೇಮಾವತಿ ಹೊಳೆಗೆ ಅಂಟಿಕೊಂಡೇ ಇರುವ ಕಾಫಿ ತೋಟದ ಒಂದು ಹೋಂಸ್ಟೇಗೆ ಹೋಗಿದ್ದೆವು. ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು, ಮೂರೂವರೆ ವರ್ಷದ ಮಗ, ಜೊತೆಗೆ ನಮ್ಮ ಅತ್ತೆ. ಅಲ್ಲಿ ಚಿಕ್ಕ ಮಕ್ಕಳಿರುವ ಮನೆಯವರಿಗೆ ಅಂತಲೇ ಹೊಳೆ ದಡದ ನಡಿಗೆ ಮಾಡಿಸುತ್ತಾರೆ. ದೊಡ್ಡವರಿಗೆ 500 ರೂಪಾಯಿ, ಐದು ವರ್ಷ ದಾಟಿದ ಮಕ್ಕಳಿಗೆ 250, ಅದಕ್ಕಿಂತ ಚಿಕ್ಕವರಿಗೆ ಏನೂ ಇಲ್ಲ. ರೂಮಿನ ಬಾಡಿಗೆ ಬೇರೆ. ಹೋಂಸ್ಟೇ ಹೆಸರು ಇಲ್ಲಿ ಬರೆಯುವುದಿಲ್ಲ. ಹೊಗಳಿಕೆಯ ಜೊತೆ ಬೈಗುಳವೂ ಇದೆ, ಆ ಬೈಗುಳ ಕೊನೆಗೆ ಹೋಗಿ ಬೀಳುವುದು ಅಲ್ಲಿ ಸಂಬಳಕ್ಕಿರುವ ಹುಡುಗರ ತಲೆ ಮೇಲೆ. ಆ ಕಡೆ ಈಗ ಇಂಥ ನಡಿಗೆ ಮಾಡಿಸುವ ಹೋಂಸ್ಟೇಗಳು ಬೇಕಾದಷ್ಟಿವೆ, ಹಾಗಾಗಿ ಎಲ್ಲಿಗೆ ಹೋಗುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಬುಕ್ ಮಾಡುವಾಗ ಫೋನಿನಲ್ಲಿ ಮಾತಾಡಿದ ಹುಡುಗ, "ದಾರಿ ಸಮತಟ್ಟಾಗಿದೆ ಮೇಡಂ, ಸ್ಟ್ರೋಲರ್ ಆರಾಮಾಗಿ ಹೋಗುತ್ತೆ" ಅಂದಿದ್ದ. ಅವನು ಆ ದಾರಿಯಲ್ಲಿ ಒಂದು ದಿನವೂ ನಡೆದಿಲ್ಲ ಅನ್ನುವುದು ಗ್ಯಾರಂಟಿ. ಮೊದಲ 200 ಮೀಟರ್ ಜೀಪ್ ರಸ್ತೆ, ಅಲ್ಲಿ ತಳ್ಳಿದ್ದೇ ತಳ್ಳಿದ್ದು. ಆಮೇಲೆ ತೋಟದ ಬೇಲಿ, ಬೇಲಿಗೊಂದು ತಡಮೆ. ಬಯಲುಸೀಮೆಯವರಿಗೆ ತಡಮೆ ಅಂದರೆ ಗೊತ್ತಾಗಲಿಕ್ಕಿಲ್ಲ. ದನ ಒಳಗೆ ನುಗ್ಗಬಾರದು, ಆದರೆ ಮನುಷ್ಯರು ದಾಟಬೇಕು ಅಂತ ಬೇಲಿ ನಡುವೆ ಮಾಡಿರುವ ಕಿರಿದಾದ ಸಂದು ಅದು. ದನ ನುಗ್ಗದ ಕಡೆ ಸ್ಟ್ರೋಲರ್ ಹೇಗೆ ನುಗ್ಗುತ್ತೆ ಹೇಳಿ? ಅಲ್ಲೇ ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿಸಿ ಬಿಟ್ಟು ಹೋದೆವು. ವಾಪಸ್ ಬಂದಾಗ ಅದರೊಳಗೆ ತೋಟದ ನಾಯಿ ಮಲಗಿತ್ತು. ಆ ದಿನ ಅದನ್ನು ಸರಿಯಾಗಿ ಬಳಸಿಕೊಂಡದ್ದು ಆ ನಾಯಿ ಒಂದೇ.

ಇದಕ್ಕೆ ಬದಲಾಗಿ ಅವರು ಮಗುವನ್ನು ಬೆನ್ನಿಗೆ ಹೊರುವ ಬ್ಯಾಗ್ ಬಾಡಿಗೆಗೆ ಕೊಡುತ್ತಾರೆ, 300 ರೂಪಾಯಿ. ತಗೊಳ್ಳಬೇಡಿ. ಅಥವಾ ತಗೊಳ್ಳುವ ಮೊದಲು ಮಗುವನ್ನು ಕೂರಿಸಿ, ಅಂಗಳದಲ್ಲಿ ಎರಡು ಸುತ್ತು ಹಾಕಿ ನೋಡಿ. ನಮಗೆ ಕೊಟ್ಟ ಬ್ಯಾಗಿನಲ್ಲಿ ಸೊಂಟದ ಬೆಲ್ಟಿನ ಬಕಲ್ ಒಂದು ಕಡೆ ಸೀಳಿತ್ತು. ಸೊಂಟದ ಬೆಲ್ಟ್ ಬಿಗಿಯಾಗಿ ಕೂರಲಿಲ್ಲ ಅಂದರೆ ಭಾರವೆಲ್ಲ ಭುಜದ ಮೇಲೆ ಬೀಳುತ್ತೆ, 14 ಕೆಜಿ ಮಗು ಅರ್ಧ ಗಂಟೆಯಲ್ಲೇ ಅಕ್ಕಿ ಮೂಟೆ ಆಗುತ್ತೆ. ಅದಕ್ಕಿಂತ ನನಗೆ ಸಿಟ್ಟು ಬಂದದ್ದು, ಮಗ ನಿದ್ದೆಗೆ ಜಾರಿದಾಗ ಅವನ ತಲೆಗೆ ಆಸರೆಯೇ ಇರಲಿಲ್ಲ, ಕುತ್ತಿಗೆ ಒಂದು ಕಡೆ ವಾಲಿಕೊಂಡಿತ್ತು. ಕೊನೆಗೆ ಅತ್ತೆ ತಮ್ಮ ಹೆಗಲ ಮೇಲಿದ್ದ ಟವೆಲ್ ಸುತ್ತಿ ದಿಂಬು ಮಾಡಿ ಇಟ್ಟರು. ಬಿಲ್ ಕೊಡುವಾಗ ಆ ಬಕಲ್ ತೋರಿಸಿದೆ, 300 ತೆಗೆದುಹಾಕಿದರು. ತಕರಾರು ಮಾಡಲಿಲ್ಲ, ಅದನ್ನೂ ಹೇಳಬೇಕು.

ಇಷ್ಟೆಲ್ಲ ಬೈದಮೇಲೂ ನಾನು ಈ ನಡಿಗೆಗೆ ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ ಅಂದರೆ ಅದಕ್ಕೆ ಒಬ್ಬರೇ ಕಾರಣ. ನಮ್ಮನ್ನು ಕರೆದುಕೊಂಡು ಹೋದವರು ಅದೇ ತೋಟದಲ್ಲಿ ತುಂಬಾ ವರ್ಷ ರೈಟರ್ (ತೋಟದ ಲೆಕ್ಕ, ಆಳುಗಳ ಕೆಲಸ ನೋಡಿಕೊಳ್ಳುವವರು) ಆಗಿದ್ದು ಈಗ ನಿವೃತ್ತರಾದವರು. ಗೈಡ್ ಅಂತ ಯೂನಿಫಾರ್ಮ್ ಇಲ್ಲ, ಕಾಲಿಗೆ ಗಂಬೂಟು, ಕೈಯಲ್ಲಿ ಕತ್ತಿ, ಜೇಬಲ್ಲಿ ಉಪ್ಪಿನ ಪೊಟ್ಟಣ. ಮಕ್ಕಳು ಐದೇ ನಿಮಿಷದಲ್ಲಿ ಅವರನ್ನು ರೈಟರ್ ತಾತ ಮಾಡಿಕೊಂಡವು.

ಏಳು ಗಂಟೆಗೆ ಹೊರಡುವುದು ಅಂತ ಹಿಂದಿನ ರಾತ್ರಿ ಹೇಳಿದ್ದರು. ಬೆಳಗ್ಗೆ ಎದ್ದು, ಇಬ್ಬರು ಮಕ್ಕಳಿಗೂ ಮುಖ ತೊಳೆಸಿ, ಸ್ವೆಟರ್ ಹಾಕಿ ರೆಡಿ ಮಾಡಿದರೆ (ಅದೇ ಒಂದು ಯುದ್ಧ), ರೈಟರ್ ಬಂದು "ಎಂಟೂವರೆಗೆ ಹೊರಡೋಣ ಸಾರ್" ಅಂದರು. ಯಜಮಾನರ ಮುಖ ಗಂಟಾಯಿತು. ರೈಟರ್ ಫೋನ್ ತೆಗೆದು ಅರಣ್ಯ ಇಲಾಖೆಯಿಂದ ಬಂದಿದ್ದ ಮೆಸೇಜ್ ತೋರಿಸಿದರು. ಅವತ್ತು ಬೆಳಗಿನ ಜಾವ ಆನೆಗಳು ಆಚೆ ಗುಡ್ಡದ ಬದಿಯ ತೋಟದಲ್ಲಿದ್ದವು. ಅವು ಯಾವ ಕಡೆ ಹೋದವು ಅಂತ ಪಕ್ಕದ ತೋಟದವರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೇ ಹೊರಡಿಸಿದರು. ಸಕಲೇಶಪುರ, ಆಲೂರು ಕಡೆಯವರಿಗೆ ಇದು ಹೊಸದಲ್ಲ, ಅಲ್ಲಿ ಆನೆ ಅಂದರೆ ದಿನನಿತ್ಯದ ವಿಷಯ. ಆದರೆ ಬೆಂಗಳೂರಿನಿಂದ ಬರುವವರು "ಆನೆ ಕಾಣಿಸುತ್ತಾ?" ಅಂತ ಆಸೆಯಿಂದ ಕೇಳುತ್ತಾರಂತೆ. ಕಾಣಿಸಬಾರದು. ಮಗುವನ್ನು ಎತ್ತಿಕೊಂಡು ಕಾಫಿ ಗಿಡದ ಸಂದಿಯಲ್ಲಿ ಎಷ್ಟು ದೂರ ಓಡುತ್ತೀರಿ? ನಿಮ್ಮನ್ನು ಕರೆದುಕೊಂಡು ಹೋಗುವವರು ಈ ವಿಚಾರ ಎತ್ತದೆ ಸುಮ್ನೆ ಹೊರಡಿಸಿದರೆ ನೀವೇ ಕೇಳಿ.

ದಾರಿ ಹೇಗಿದೆ ಅಂದರೆ, ಮೊದಲು ತೋಟದೊಳಗಿನ ಕಾಲುದಾರಿ. ಅರೇಬಿಕಾ ಹಣ್ಣಾಗಿ ಕುಯ್ಲು ಶುರುವಾಗಿತ್ತು, ರೋಬಸ್ಟಾ ಇನ್ನೂ ಹಸಿರು. ಮಗಳಿಗೆ ಒಂದು ಕೆಂಪು ಹಣ್ಣು ಕೊಟ್ಟು ಸಿಪ್ಪೆ ಚೀಪೋಕೆ ಹೇಳಿದರು. "ಕಾಫಿ ಸಿಹೀನಾ?" ಅಂತ ಅವಳ ಕಣ್ಣು ಇಷ್ಟಗಲ ಆಯಿತು. ಆಮೇಲೆ ಗದ್ದೆ ಬದು, ಎರಡೂ ಕಡೆ ಬಲಿತ ಭತ್ತ. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಇಬ್ಬನಿಗೆ ಹುಲ್ಲು ನೆಂದಿರುತ್ತೆ, ಮಂಡಿ ತನಕ ಒದ್ದೆಯಾಗುವುದು ಖಚಿತ. ಗದ್ದೆ ಮುಗಿದ ಮೇಲೆ ಒಂದು ಹಳ್ಳ, ಅದಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿ ಮಾಡಿರುವ ಕಾಲುಸಂಕ. ಹಿಡಿದುಕೊಳ್ಳೋಕೆ ಒಂದೇ ಕಡೆ ಬಿದಿರು ಕಟ್ಟಿದ್ದಾರೆ. ಇನ್ನೊಂದು ಕಡೆಯೂ ಕಟ್ಟಿಸಿ ಅಂತ ಮಾಲೀಕರಿಗೆ ಹೇಳಿ ಬಂದಿದ್ದೇನೆ. ಮಕ್ಕಳನ್ನು ಒಬ್ಬೊಬ್ಬರಾಗಿ ರೈಟರೇ ಕೈಹಿಡಿದು ದಾಟಿಸಿದರು. ನಮ್ಮ ಅತ್ತೆ ಆಲೂರು ಕಡೆಯವರು, ಸೀರೆ ಎತ್ತಿ ಕಟ್ಟಿ ಯಾರ ಕೈಯನ್ನೂ ಹಿಡಿಯದೆ ದಾಟಿ, ಆಚೆ ನಿಂತು "ಬಾರೇ, ಏನಾಗಲ್ಲ" ಅಂತ ನನ್ನನ್ನು ಕರೆದರು. ನಾನು ಸ್ವಲ್ಪ ಕೂತು, ಸ್ವಲ್ಪ ತೆವಳಿ ದಾಟಿದೆ. ಫೋಟೋ ಇದೆ, ಹಾಕುವುದಿಲ್ಲ.

ಸಂಕ ದಾಟಿದರೆ ಹೊಳೆ ಕಾಣುತ್ತೆ. ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ದಡದ ಮೇಲೇ ನಡಿಗೆ. ನಿಜವಾಗಿ ಸಮತಟ್ಟಾದ ದಾರಿ ಇದೊಂದೇ.

ಈಗ ಆ ನಾಲ್ಕು ಗಂಟೆಯ ಲೆಕ್ಕ ಹೇಳುತ್ತೇನೆ. ಗದ್ದೆ ಬದುವಿನ ಪಕ್ಕ ಮುಟ್ಟಿದರೆ ಮುನಿ ಬೆಳೆದಿತ್ತು. ಮಗ ಕೂತ. ಒಂದು ಎಲೆ ಮುಟ್ಟಿದ, ಮುದುಡಿತು. ಇನ್ನೊಂದು ಮುಟ್ಟಿದ. ಆ ಇಡೀ ಪೊದೆಯ ಎಲ್ಲ ಎಲೆಯನ್ನೂ ಮಲಗಿಸುವ ತನಕ ಅವನು ಏಳಲಿಲ್ಲ, ಅಷ್ಟರಲ್ಲಿ ಮೊದಲು ಮಲಗಿದ್ದವು ಮತ್ತೆ ಎದ್ದವು. ನಾವಾಗಿದ್ದರೆ ಮೂರನೇ ನಿಮಿಷಕ್ಕೆ "ನಡಿ ನಡಿ, ಹೊಳೆ ನೋಡೋಣ" ಅಂತ ಎಳೆದುಕೊಂಡು ಹೋಗುತ್ತಿದ್ದೆವು. ರೈಟರ್ ಪಕ್ಕದ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ಯಜಮಾನರು ಎರಡು ಸಲ ವಾಚ್ ನೋಡಿದ್ದಕ್ಕೆ, "ಹೊಳೆ ಎಲ್ಲಿಗೂ ಹೋಗಲ್ಲ ಸಾರ್" ಅಂದರು. ತಪ್ಪು, ಹೊಳೆ ಹೋಗುತ್ತಲೇ ಇರುತ್ತೆ ಅಂತ ಮಗಳು ತಿದ್ದಿದಳು. ಅದಕ್ಕೆ ಅವರು ನಕ್ಕಿದ್ದು ನೋಡಬೇಕಿತ್ತು.

ಹೊಳೆ ಹೋಗುತ್ತೆ ಅಂದಮೇಲೆ ಎಲ್ಲಿಗೆ ಹೋಗುತ್ತೆ ಅನ್ನುವ ಪ್ರಶ್ನೆ ಬರಲೇಬೇಕಲ್ವಾ. ರೈಟರ್ ಕೋಲು ತಗೊಂಡು ಮರಳಿನ ಮೇಲೆ ಗೆರೆ ಎಳೆದರು. ಮೇಲೆ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟುತ್ತೆ, ಸಕಲೇಶಪುರದ ಸೇತುವೆ ಕೆಳಗೆ ಹೋಗುತ್ತೆ, ಗೊರೂರು ಅಣೆಕಟ್ಟಿನಲ್ಲಿ ನಿಲ್ಲುತ್ತೆ, ಅಲ್ಲಿಂದ ಹೋಗಿ ಕೆ.ಆರ್.ಎಸ್. ಹಿನ್ನೀರಲ್ಲಿ ಕಾವೇರಿ ಸೇರುತ್ತೆ, ಕಾವೇರಿ ಬಂಗಾಳ ಕೊಲ್ಲಿಗೆ. ಘಟ್ಟದ ನೆತ್ತಿಯಿಂದ ಆ ಕಡೆಗೆ ಬಿದ್ದ ಮಳೆ ಮಾತ್ರ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. "ಗೊರೂರಿಂದ ನಿಮ್ಮ ಹಾಸನದ ನಲ್ಲಿಗೂ ಬರುತ್ತೆ ಪುಟ್ಟಿ" ಅಂದರು. ಮಗಳು ಒಂದು ನಿಮಿಷ ಯೋಚನೆ ಮಾಡಿ, "ಹಾಗಾದ್ರೆ ತಮ್ಮ ಈಗ ಇಲ್ಲಿ ಉಚ್ಚೆ ಮಾಡಿದ್ನಲ್ಲ, ಅದು?" ಅಂದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಶಾಲೆಯಲ್ಲಿ ನಾವು ಕಾವೇರಿಯ ಉಪನದಿಗಳು ಅಂತ ಬಾಯಿಪಾಠ ಮಾಡಿದ್ದು ನನಗೆ ಈಗ ನೆನಪಿಲ್ಲ, ಇವಳಿಗೆ ಇದು ಜನ್ಮಕ್ಕೆ ಮರೆಯೋದಿಲ್ಲ.

ದಡದಲ್ಲಿ ಕಂಡದ್ದು: ಎರಡು ಮಿಂಚುಳ್ಳಿ, ಬಂಡೆ ಮೇಲೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ, ಎಲೆಗಳನ್ನು ಹೊಲಿದ ಹಾಗೆ ಅಂಟಿಸಿ ಗೂಡು ಕಟ್ಟಿದ್ದ ಚಗಳಿ ಇರುವೆ. ಚಗಳಿ ಚಟ್ನಿ ತಿಂದಿದ್ದೀರಾ ಅಂತ ರೈಟರ್ ಕೇಳಿದರು, ಅತ್ತೆ "ಹ್ಞೂಂ" ಅಂದರು, ಮಕ್ಕಳು ಅಜ್ಜಿಯನ್ನು ಹೊಸದಾಗಿ ನೋಡಿದವು. ಒಂದು ಬಂಡೆ ಮೇಲೆ ಏಡಿ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಇತ್ತು, ನೀರುನಾಯಿಯದು ಅಂತೆ. ನೀರುನಾಯಿ ಕಾಣಲಿಲ್ಲ. ಮಗನಿಗೆ ಹಿಕ್ಕೆಯೇ ಸಾಕಾಗಿತ್ತು, ಊರಿಗೆ ಬಂದು ಎಲ್ಲರಿಗೂ ಅದನ್ನೇ ಹೇಳುತ್ತಿದ್ದಾನೆ.

ಜಗಳ ಆದದ್ದು ನೀರಿಗೆ ಇಳಿಯುವ ವಿಷಯಕ್ಕೆ. ದಡದ ತಿರುವಿನಲ್ಲಿ ಚೆಂದದ ಮರಳು ದಿಬ್ಬ, ನೀರು ತಿಳಿ, ಮಂಡಿ ಮಟ್ಟಕ್ಕೂ ಇಲ್ಲ ಅನ್ನುವ ಹಾಗೆ ಕಾಣುತ್ತಿತ್ತು. ಇವರು ಪ್ಯಾಂಟು ಮಡಚಿ ಮಗಳನ್ನು ಕರೆದುಕೊಂಡು ಇಳಿಯೋಕೆ ಹೊರಟರು. ರೈಟರ್ ಬೇಡ ಅಂದರು. "ಹೋಂಸ್ಟೇ ಫೋಟೋದಲ್ಲಿ ಮಕ್ಕಳು ಇಲ್ಲೇ ಆಡ್ತಿದ್ದಾರಲ್ಲ?" ಅಂತ ಇವರು. "ಅದು ಹೋದ ವರ್ಷದ ಫೋಟೋ ಸಾರ್. ಈ ಮಳೆಗಾಲ ಕಳೆದ ಮೇಲೆ ಇಲ್ಲಿ ಅಡಿ ಹೇಗಿದೆ ಅಂತ ನಾನಿನ್ನೂ ಇಳಿದು ನೋಡಿಲ್ಲ" ಅಂತ ಅವರು. ಮಳೆಗಾಲದಲ್ಲಿ ಹೊಳೆ ಪ್ರತಿ ವರ್ಷ ಮರಳನ್ನು ಆಚೀಚೆ ಮಾಡುತ್ತೆ, ಅದರ ಮೇಲೆ ಮನುಷ್ಯರು ಮರಳು ತೆಗೆದ ಗುಂಡಿಗಳು ಬೇರೆ. ಮಂಡಿ ಮಟ್ಟದ ನೀರಿನಿಂದ ಮುಂದಿನ ಹೆಜ್ಜೆಗೆ ಆಳು ಮುಳುಗುವ ಗುಂಡಿ ಇರಬಹುದು. ಇನ್ನೊಂದು ವಿಷಯವನ್ನೂ ಹೇಳಿದರು. ಇಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಹೊಡೆದರೆ ಸ್ವಲ್ಪ ಹೊತ್ತಿಗೆ ಇಲ್ಲಿ ನೀರು ಏರುತ್ತೆ. ತಿಳಿ ನೀರು ಕೆಂಪಾಗುವುದು, ತರಗೆಲೆ, ಕಡ್ಡಿ ತೇಲಿಕೊಂಡು ಬರುವುದು, ಹೊಳೆ ಸದ್ದು ದಪ್ಪ ಆಗುವುದು, ಇವು ಕಂಡರೆ ಚಪ್ಪಲಿ ಹುಡುಕುತ್ತಾ ನಿಲ್ಲಬಾರದು, ದಡ ಹತ್ತಬೇಕು.

ನಾವು ದುಡ್ಡು ಕೊಟ್ಟಿದ್ದೇವೆ ಅನ್ನುವ ಧಾಟಿಯಲ್ಲಿ ಇವರು ಒಂದು ಮಾತು ಆಡಿದರು, ನನಗೆ ನಾಚಿಕೆಯಾಯಿತು. ಅತ್ತೆ ತಮ್ಮ ಮಗನಿಗೆ ಕಣ್ಣಲ್ಲೇ ಬೈದರು. ರೈಟರ್ ಬೇಜಾರು ಮಾಡಿಕೊಳ್ಳಲೂ ಇಲ್ಲ, ಸೋಲಲೂ ಇಲ್ಲ. ಅವತ್ತು ನೀರೇನೂ ಏರಲಿಲ್ಲ. ಏನೂ ಆಗಲಿಲ್ಲ. ಆದರೂ ಅವರು ಮಾಡಿದ್ದೇ ಸರಿ, ನಾನು ಕೊಟ್ಟ ನಾಲ್ಕು ಅಂಕದಲ್ಲಿ ಎರಡು ಆ "ಬೇಡ"ಕ್ಕೇ ಹೋಗುತ್ತೆ. ಬದಲಿಗೆ ಅವರು ನಮ್ಮನ್ನು ಹಿಂದಕ್ಕೆ, ಹಳ್ಳ ಹೊಳೆಗೆ ಸೇರುವುದಕ್ಕೆ ಸ್ವಲ್ಪ ಮೊದಲಿನ ಜಾಗಕ್ಕೆ ಕರೆದುಕೊಂಡು ಹೋದರು. ನೀರು ಕಾಲಿನ ಹರಡು ಮುಳುಗುವಷ್ಟು, ಅಡಿಯಲ್ಲಿ ನುಣ್ಣನೆ ಕಲ್ಲು. ಬಿದ್ದಿದ್ದ ಅಡಿಕೆ ಹಾಳೆ ತಂದು, ಕತ್ತಿಯಿಂದ ಕೊಯ್ದು, ಎರಡು ಕಡೆ ಮಡಚಿ ಕಡ್ಡಿ ಚುಚ್ಚಿ ದೋಣಿ ಮಾಡಿಕೊಟ್ಟರು. ಇಬ್ಬರೂ ಮಕ್ಕಳು ಒಂದು ಗಂಟೆಗೂ ಜಾಸ್ತಿ ಅಲ್ಲೇ. ಹೊಳೆ ಯಾರಿಗೂ ನೆನಪಾಗಲಿಲ್ಲ. ದೊಡ್ಡ ನೀರು ಬೇಕಾಗಿದ್ದು ಅಪ್ಪನಿಗೆ ಮಾತ್ರ ಅಂತ ಕಾಣುತ್ತೆ.

ಆದರೆ ಹೋಂಸ್ಟೇಯವರನ್ನು ಇಲ್ಲಿ ಬಿಡುವ ಹಾಗಿಲ್ಲ. ಫೋಟೋದಲ್ಲಿ ಮಕ್ಕಳನ್ನು ಹೊಳೆಗಿಳಿಸಿ ತೋರಿಸುವವರು ಒಂದು ಲೈಫ್ ಜಾಕೆಟ್ ಇಟ್ಟಿಲ್ಲ. ಹಳದಿ ಡಬ್ಬಿಯಲ್ಲಿ ಫಸ್ಟ್ ಏಡ್ ಕೊಟ್ಟು ಕಳಿಸಿದ್ದರು, ತೆಗೆದು ನೋಡಿದರೆ ಡೇಟ್ ಮುಗಿದ ಮುಲಾಮು, ಎರಡು ಬ್ಯಾಂಡೇಡ್. ಹೊಳೆ ಹತ್ತಿರ ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ಏನಾದರೂ ಆದರೆ ಆ ಡಬ್ಬಿಯೇ ಗತಿ. ನಿಮ್ಮ ಮನೆಯ ಡಬ್ಬಿ ನೀವೇ ಒಯ್ಯಿರಿ.

ಇಂಬಳದ (ರಕ್ತ ಹೀರುವ ಜಿಗಣೆ) ಬಗ್ಗೆ ಹೇಳದೆ ಹೋದರೆ ಮಲೆನಾಡಿನ ಬಗ್ಗೆ ಬರೆದ ಹಾಗೇ ಆಗುವುದಿಲ್ಲ. ನವೆಂಬರ್ ಕೊನೆಗೆ ತುಂಬಾ ಕಡಿಮೆ, ಆದರೆ ಹಳ್ಳದ ನೆರಳಲ್ಲಿ ಇದ್ದವು. ಮಗಳ ಕಾಲ್ಬೆರಳ ಸಂದಿಗೆ ಒಂದು ಹತ್ತಿತ್ತು. ಎಳೆಯಬೇಡಿ ಅಂತ ಹೇಳಿ ರೈಟರ್ ಉಪ್ಪು ಹಾಕಿದರು, ಉದುರಿತು. ಆಮೇಲೆ ರಕ್ತ ಬರುತ್ತಲೇ ಇತ್ತು, ಅವಳು ಕಿರುಚುತ್ತಲೇ ಇದ್ದಳು. ಇಂಬಳದ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಪದಾರ್ಥ ಇರುತ್ತೆ, ಅದಕ್ಕೇ ನಿಲ್ಲೋಕೆ ತಡ ಆಗುತ್ತೆ, ಗಾಯ ದೊಡ್ಡದಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ, ಅಲ್ಲಿ ಹೋದಮೇಲೆ ವಿವರಿಸಿದರೆ ಕೇಳುವುದಿಲ್ಲ. ಮಳೆಗಾಲದಲ್ಲಿ ಚಿಕ್ಕವರನ್ನು ಈ ದಾರಿಗೆ ಕರೆದುಕೊಂಡು ಹೋಗುವ ಯೋಚನೆಯೇ ಬೇಡ. ಚಳಿ, ಬೇಸಿಗೆಯಲ್ಲಿ ಹೋಗುವವರು ಉಣುಗಿನ (ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳ) ಬಗ್ಗೆ ನೋಡಿಕೊಳ್ಳಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಈಚೆಗೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ, ಅದನ್ನು ಹರಡುವುದು ಈ ಉಣುಗೇ. ವಾಪಸ್ ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿ ಹಿಂದೆ, ಕಂಕುಳಲ್ಲಿ, ಸೊಂಟದಲ್ಲಿ ನೋಡಿ.

ಬೂಟಿನ ವಿಷಯ. ಮಗಳಿಗೆ ಶಾಲೆಯ ಬಿಳಿ ಬೂಟು ಹಾಕಿಸಿದ್ದೆ, ನನ್ನದೇ ದಡ್ಡತನ. ಗದ್ದೆ ಬದುವಿನಲ್ಲೇ ನೆನೆದು ಭಾರವಾಯಿತು, ಸೋಮವಾರಕ್ಕೆ ಒಣಗಲೂ ಇಲ್ಲ. ಮಗನ ಕ್ರಾಕ್ಸ್ ಕೆಸರಲ್ಲಿ ಕಾಲಿಂದ ಕಳಚಿ ಕಳಚಿ ಬಂತು. ಹಿಮ್ಮಡಿಗೆ ಪಟ್ಟಿ ಇರುವ ಹಳೇ ಸ್ಯಾಂಡಲ್, ಮೇಲೆ ಉದ್ದ ಕಾಲುಚೀಲ, ಅಷ್ಟೇ ಸಾಕು.

ತಿಂಡಿ ನಡಿಗೆಯ ದುಡ್ಡಿನಲ್ಲೇ ಸೇರಿದೆ. ದಡದಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಕಾಯಿಚಟ್ನಿ, ಬೆಲ್ಲ. ತಣ್ಣಗಾದರೂ ಮೆತ್ತಗಿತ್ತು, ಅನ್ನ ಹಾಕಿ ನಾದಿದ ರೊಟ್ಟಿ ಅಂತ ಅತ್ತೆ ಮುರಿದ ಕೂಡಲೇ ಹೇಳಿದರು. ಚಟ್ನಿ ಖಾರ ಜಾಸ್ತಿ, ಮಕ್ಕಳು ಬೆಲ್ಲದಲ್ಲೇ ಮುಗಿಸಿದರು. ಮಕ್ಕಳ ನಡಿಗೆ ಅಂತ ಹೆಸರಿಟ್ಟ ಮೇಲೆ ಖಾರ ಇಲ್ಲದ್ದು ಏನಾದರೂ ಒಂದು ಬೇಡವಾ? ಕಾಫಿ ಮಾತ್ರ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟಿದ್ದು ನನಗೆ ಸರಿಬರಲಿಲ್ಲ. ಎಲ್ಲರ ಲೋಟವನ್ನೂ ರೈಟರ್ ಚೀಲಕ್ಕೆ ಹಾಕಿಕೊಂಡು ತಂದರು, ಅದರ ಜೊತೆ ಯಾರೋ ಒಡೆದು ಹೋಗಿದ್ದ ಬಿಯರ್ ಬಾಟಲಿಯ ಚೂರನ್ನೂ ಆರಿಸಿದರು. ಸ್ಟೀಲ್ ಲೋಟ ಕೊಡೋಕೆ ಎಷ್ಟು ಖರ್ಚು? ರಾತ್ರಿ ಊಟ, ರೂಮು ಎಲ್ಲ ಪರವಾಗಿಲ್ಲ, ಬರೆಯುವಂಥದ್ದೇನಿಲ್ಲ. ಗೀಸರ್ ನೀರು ಎರಡನೇ ಬಕೆಟ್ಟಿಗೆ ತಣ್ಣಗಾಗುತ್ತೆ. ದಾರಿಯಲ್ಲಿ ಶೌಚಾಲಯ ಇಲ್ಲ, ಹೆಂಗಸರು ಮೊದಲೇ ಯೋಚಿಸಿಕೊಳ್ಳಬೇಕು.

ಇದೇ ದುಡ್ಡಿಗೆ ಬೇರೆ ಎಲ್ಲಿ ಹೋಗಬಹುದು ಅಂತ ನಮ್ಮ ಅಕ್ಕ ಕೇಳಿದಳು. ದುಡ್ಡೇ ಕೊಡದೆ ಹೋಗಬಹುದು. ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಇದೆ, ನೀರು ಇಳಿದಾಗ ಹತ್ತಿರದ ತನಕ ನಡೆಯಬಹುದು. ಆದರೆ ನೆರಳಿಲ್ಲ, ಗೋಡೆಗಳು ಶಿಥಿಲ, ಓಡುವ ಮಕ್ಕಳನ್ನು ಒಳಗೆ ಬಿಡೋಕೆ ನನಗೆ ಧೈರ್ಯವಿಲ್ಲ. ಕಳಸದ ಅಂಬಾತೀರ್ಥ ದೊಡ್ಡವರಿಗೆ ಚೆಂದ, ಮಧ್ವಾಚಾರ್ಯರು ಒಂದೇ ಕೈಯಲ್ಲಿ ಎತ್ತಿಟ್ಟರು ಅನ್ನುವ ಬಂಡೆ ಇರುವ ಜಾಗ. ಭದ್ರೆ ಕೊರೆದ ಕಲ್ಲುಗಳು ಜಾರುತ್ತವೆ, ಕೈಬಿಟ್ಟರೆ ಮುಗಿಯಿತು. ಮುತ್ತೋಡಿ ಕಡೆ ಹುಲಿ ಕಾಡು, ಅಲ್ಲಿ ನಮ್ಮ ಪಾಡಿಗೆ ನಾವು ನಡೆಯುವ ಹಾಗಿಲ್ಲ, ಸಫಾರಿ ಜೀಪೇ ಗತಿ. ತೀರಾ ಚಿಕ್ಕ ಮಕ್ಕಳಿಗೆ ಶೃಂಗೇರಿಯ ತುಂಗೆಯ ಮೆಟ್ಟಿಲೇ ಒಳ್ಳೆಯದು, ಮಂಡಕ್ಕಿ ಹಾಕಿದರೆ ಮೀನು ಮುತ್ತಿಕೊಳ್ಳುತ್ತವೆ, ನಡಿಗೆಯೇನೂ ಇಲ್ಲ.

ನಾವು ಜನವರಿಗೆ ಮತ್ತೆ ಹೋಗುತ್ತಿದ್ದೇವೆ, ಈ ಸಲ ಅಕ್ಕನ ಮನೆಯವರೂ ಸೇರಿ. ಬುಕ್ ಮಾಡೋಕೆ ಫೋನ್ ಮಾಡಿದಾಗ ಅದೇ ಹುಡುಗ ಎತ್ತಿದ. "ರೈಟರ್ ಇರ್ತಾರಾ?" ಅಂತ ಕೇಳಿದೆ. "ಅವರು ಇಲ್ಲದಿದ್ದರೆ ಬೇರೆ ಹುಡುಗ ಬರ್ತಾನೆ ಮೇಡಂ, ಅವನು ಫಾಸ್ಟು, ಒಂದೂವರೆ ಗಂಟೇಲಿ ಮುಗಿಸ್ತಾನೆ" ಅಂದ. ರೈಟರ್ ಇರುವ ದಿನ ಯಾವುದು ಅಂತ ಕೇಳಿ ಆ ದಿನಕ್ಕೇ ಬುಕ್ ಮಾಡಿದೆ. ಸ್ಟ್ರೋಲರ್ ತರಬಹುದು ಅಂತ ಅವನು ಈ ಸಲವೂ ಹೇಳಿದ.